ಲಾಳಿ ಆಚೆ ಸೇರುವವರೆಗೆ

“ಫೇಲ್ ಅಂತ ಬರೀಲೇನಮ್ಮಾ?” ಎಂದು ಎಕ್ಸಾಮಿನರ್ ಪೆನ್ ಎತ್ತಿದರು. ಅದು ಚಳ್ಳಕೆರೆಯ ಡಿಪ್ಲೊಮಾ ಕಾಲೇಜಿನ ಲ್ಯಾಬ್. ಇಂಗ್ಲಿಷ್ ಟೀಚರ್ ಆಗಿದ್ದ ನಾನು ಅಂದು ಸೂಪರ್‌ವೈಸರ್. ಮೊಳಕಾಲ್ಮೂರಿನ ನೇಕಾರರ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಲೂಪ್ ಬರೆದಿದ್ದಳು. ಅದು ಹತ್ತು ಸಲ ವೋಲ್ಟೇಜ್ ಏರಿಸಿ, ಪ್ರತಿ ಸಲವೂ ಮೀಟರ್ ಓದಬೇಕಿತ್ತು. ಹತ್ತೂ ರೀಡಿಂಗ್ ತಪ್ಪು.

ಅವಳು ಪರದೆಯನ್ನೇ ದಿಟ್ಟಿಸಿ, ಫಕ್ಕನೆ ನಕ್ಕಳು. “ನೂಲಿನ ಲಾಳಿ ಮಗ್ಗದ ಆಚೆ ಸೇರೋಕೆ ಮುಂಚೇನೇ ನೂಲು ಒತ್ತೋ ಹಲಗೆ ಬಡಿದಂಗಾಗೈತೆ ಸಾರ್. ನಮ್ಮವ್ವ ನೋಡಿದ್ರೆ ಮಗ್ಗದಿಂದ ಎಬ್ಬಿಸಿ ಕಳಿಸ್ತಿದ್ಲು!”

ಮೀಟರ್ ಓದುವ ಮುನ್ನ ವೋಲ್ಟೇಜ್ ಸ್ಥಿರವಾಗುವ ತನಕ ಕಾಯುವಂತೆ ಲೂಪಿನೊಳಗೆ ಒಂದೇ ಸಾಲು ಸೇರಿಸಿದಳು. ಹತ್ತೂ ಸರಿಬಂದವು. ಎಕ್ಸಾಮಿನರ್ ನಗುತ್ತಾ ಪಾಸ್ ಮಾಡಿದರು.

ನನ್ನ ಕ್ಲಾಸಿನಲ್ಲಿ ಉತ್ತರಕ್ಕೆ ತಡವರಿಸಿದವರಿಗೆಲ್ಲ ಅಷ್ಟು ವರ್ಷ ಥಟ್ಟನೆ “ನೆಕ್ಸ್ಟ್!” ಎಂದುಬಿಡುತ್ತಿದ್ದೆ. ಆ ಮಕ್ಕಳಿಗೆ ಸಾರಿ ಹೇಳಲು ಈಗ ವಿಳಾಸವಿಲ್ಲ. ಆದರೆ ಅಂದಿನಿಂದ ರಿಟೈರ್ ಆಗುವವರೆಗೂ ತಡವರಿಸಿದ ಪ್ರತಿಯೊಬ್ಬರಿಗೂ ಒಂದರೆಗಳಿಗೆ ಕಾದೆ. ಎಷ್ಟೊಂದು ಮಕ್ಕಳು ಬಾಯಿ ಬಿಟ್ಟು ಉತ್ತರ ಹೇಳಿದರು!