ಉದ್ಯಮಬಾಗದಲ್ಲಿ ಇಳಿಯದವಳು

ಖಾನಾಪುರದಿಂದ ಬೆಳಗಾವಿಗೆ ಹೋಗುವ ಬೆಳಗಿನ ಬಸ್ಸು ಉದ್ಯಮಬಾಗದಲ್ಲಿ ನಿಂತರೆ ಅರ್ಧ ಖಾಲಿಯಾಗುತ್ತದೆ. ಕಬ್ಬಿಣ ಎರಕದ ಫೌಂಡ್ರಿಗೆ ಹೋಗುವವರು ಊಟದ ಡಬ್ಬಿ ಹಿಡಿದು ದಡಬಡ ಇಳಿಯುತ್ತಾರೆ. ಮನೆಯಲ್ಲಿ ಅವ್ವ, ಅಪ್ಪ ತಿಳಿದಂತೆ ನಾನೂ ಅಲ್ಲೇ ಇಳಿಯಬೇಕು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಹಾಜರಿ, ರಜೆ ನೋಡಿಕೊಳ್ಳುವ ನೌಕರಿ ನನ್ನದು ಎಂದು ಹೇಳಿಬಿಟ್ಟಿದ್ದೆ. ಆದರೆ ನಾನು ಬಸ್ಸಿನಲ್ಲೇ ಕುಳಿತು, ಪರಿಚಯದವರು ಯಾರೂ ನೋಡದಿರಲೆಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಿದ್ದೆ.

ನಾನು ಓದಿದ್ದು ಮನಶ್ಶಾಸ್ತ್ರ. ಎಂ.ಎ.ಗೆ ಸೇರಿದಾಗಿನಿಂದ ಈ ಓದು ನನ್ನನ್ನು ಗೋಳು ಹೊಯ್ದುಕೊಂಡಿದೆ. ಮದುವೆಮನೆಗೆ ಹೋದರೆ ಯಾರಾದರೂ ಒಬ್ಬ ಕಾಕಾ ಎದುರಿಗೆ ಬಂದು ಕೂತು, ತನ್ನ ಮನಸ್ಸಿನಲ್ಲಿ ಏನಿದೆ ಹೇಳು ನೋಡೋಣ ಎನ್ನುತ್ತಿದ್ದ. ಊಟಕ್ಕೆ ಯಾವಾಗ ಕರೆಯುತ್ತಾರೆ ಎಂಬ ಯೋಚನೆ ಇದೆ ಎಂದು ಹೇಳಿ ಪಾರಾಗುತ್ತಿದ್ದೆ. ಅವ್ವ ಓಣಿಯವರ ಮುಂದೆ ನನ್ನ ಓದನ್ನು ಸಮಾಜಶಾಸ್ತ್ರ ಮಾಡಿಬಿಟ್ಟಿದ್ದಳು. ಅಪ್ಪನಿಗೆ ಅಂಥ ಮುಚ್ಚುಮರೆ ಗೊತ್ತಿಲ್ಲ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ, ಮಾತೂ ಹಾರ್ನ್ ಹೊಡೆದ ಹಾಗೆಯೇ.

"ಹುಚ್ಚರ ಜೋಡಿ ಕುಂದರೂ ನೌಕರಿ ಹಿಡದ್ರ ನಿನ್ನ ಯಾರು ಲಗ್ನಾ ಆಗ್ತಾರ?" ಎಂದು ಒಮ್ಮೆ ಕೇಳಿಯೇಬಿಟ್ಟ. ನನ್ನ ಸುಳ್ಳು ಹುಟ್ಟಿದ್ದು ಅವತ್ತು.

ಜೊತೆಗೆ ಓದಿದವರಲ್ಲಿ ಒಬ್ಬಳು ಶಾಲೆಯಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾದಳು, ಒಬ್ಬ ಕುಡಿತ ಬಿಡಿಸುವ ಕೇಂದ್ರ ಸೇರಿದ. ಇನ್ನೊಬ್ಬಳು ನಿಜವಾಗಿಯೂ ಕಾರ್ಖಾನೆಗೆ ಹೋದಳು. ನಾನು ಮನೆಯಲ್ಲಿ ಹೇಳಿದ್ದು ಅವಳ ನೌಕರಿಯನ್ನೇ. ನನಗೆ ಸಿಕ್ಕಿದ್ದು ಶಿವಬಸವ ನಗರದ ಒಂದು ಮಾನಸಿಕ ಆರೋಗ್ಯದ ದವಾಖಾನೆಯಲ್ಲಿ ಸಮಾಲೋಚಕಿಯ ಸಹಾಯಕಿಯ ಕೆಲಸ. ಆ ಕೆಲಸ ನನಗೆ ಬಲು ಇಷ್ಟ. ಬಂದವರಿಗೆ ದಿನವಿಡೀ "ಇದರಾಗ ನಾಚಿಕಿ ಪಡೂದು ಏನೂ ಇಲ್ರಿ" ಎಂದು ಹೇಳಿ, ಸಂಜೆ ಬಸ್ಸು ಹತ್ತುವ ಮೊದಲು ಕೊರಳಿನ ಗುರುತಿನ ಚೀಟಿ ತೆಗೆದು ಚೀಲದ ತಳಕ್ಕೆ ತುರುಕುತ್ತಿದ್ದೆ.

ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಬಾಗಿಲಲ್ಲಿ ನಂಬರಿನ ಬಿಲ್ಲೆ ಕೊಡುತ್ತಾರೆ, ನಾನು ಹೊರಗೆ ಬಂದು ನಂಬರು ಕೂಗಿ ಒಳಗೆ ಕರೆದೊಯ್ಯಬೇಕು. ಪೇಟೆಯಲ್ಲಿ ಸಿಕ್ಕರೂ ಅವರಾಗಿ ಮಾತಾಡಿಸುವ ತನಕ ಗುರುತು ತೋರಿಸಬಾರದು ಎಂದು ಸಮಾಲೋಚಕಿ ಮೇಡಂ ಮೊದಲ ದಿನವೇ ತಾಕೀತು ಮಾಡಿದ್ದರು. ಬಂದವರ ಮರ್ಯಾದೆ ಕಾಯುವ ಪದ್ಧತಿ ಅದು. ನನ್ನ ಗುಟ್ಟಿಗೂ ಅನುಕೂಲವೇ ಆಗಿತ್ತು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಏಳನೇ ನಂಬರು ಕೂಗಿದೆ. ಯಾರೂ ಏಳಲಿಲ್ಲ. ಮತ್ತೆ ಕೂಗಿದೆ. ಮೂಲೆಯ ಬೆಂಚಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತಿದ್ದವರೊಬ್ಬರು ಮೆಲ್ಲಗೆ ತಿರುಗಿದರು. ಅಪ್ಪ!

ಅವನ ಕಣ್ಣು ನನ್ನ ಗುರುತಿನ ಚೀಟಿಯ ಮೇಲೆ ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡೆ. ನನಗೆ ಮೊದಲು ನೆನಪಾದದ್ದು ನನ್ನ ಸುಳ್ಳು. ಅಪ್ಪ ಇಲ್ಲಿಗೆ ಯಾಕೆ ಬಂದಿದ್ದಾನೆ ಎಂಬುದು ತಲೆಗೆ ಹೊಳೆದದ್ದು ಆಮೇಲೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ನಿವೃತ್ತಿಯಾದಾಗಿನಿಂದ ಅಪ್ಪ ನೆಟ್ಟಗೆ ನಿದ್ದೆ ಮಾಡುತ್ತಿರಲಿಲ್ಲ. ಅರ್ಧ ಊಟಕ್ಕೇ ಏಳುತ್ತಿದ್ದ, ಡಿಪೋದ ಗೆಳೆಯರು ಮನೆತನಕ ಬಂದು ಕರೆದರೂ ಹೋಗುತ್ತಿರಲಿಲ್ಲ. ಎಲ್ಲವೂ ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಲಕ್ಷಣಗಳೇ. ಮನೆಯಲ್ಲಿ ಕಂಡಾಗ ಮಾತ್ರ ಅದನ್ನು ಹಟ ಎಂದು ಕರೆದು, ಅವ್ವನ ಜೊತೆ ಸೇರಿ ಅವನನ್ನು ಬೈದಿದ್ದೆ.

ಅಪ್ಪ ಎದ್ದು ಹೊರಬಾಗಿಲ ಕಡೆ ಹೆಜ್ಜೆ ಹಾಕಿದ. ಆ ಬಾಗಿಲು ದಾಟಿದರೆ ಅವನು ಮತ್ತೆ ಇಂಥ ಜಾಗಕ್ಕೆ ಕಾಲಿಡುವವನಲ್ಲ, ನನಗೆ ಗೊತ್ತು. ಅಪ್ಪಾ ಎಂದು ಕೂಗಿದರೆ ಕೂತವರೆಲ್ಲ ತಿರುಗಿ ನೋಡುತ್ತಾರೆ. ಅಪರಿಚಿತರನ್ನು ಕರೆಯುವ ಹಾಗೆಯೇ ಕರೆದೆ.

"ಏಳನೇ ನಂಬರಿನವರ, ಈ ಕಡೆ ಬರ್ರಿ. ಮೇಡಂ ಕಾಯಾಕತ್ತಾರ."

ಅಪ್ಪ ನಿಂತ. ತಲೆ ತಗ್ಗಿಸಿಕೊಂಡು ನನ್ನ ಹಿಂದೆ ಬಂದ. ಒಳಬಾಗಿಲ ಹತ್ತಿರ, "ನಿಮ್ಮವ್ವಗ ಗೊತ್ತಿಲ್ಲ" ಎಂದಷ್ಟೇ ಪಿಸುಗುಟ್ಟಿದ. ಇವರು ನಮ್ಮ ತಂದೆ ಎಂದು ಮೇಡಂಗೆ ಹೇಳಿದೆ. ಅವರು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಸಂಜೆ ನನ್ನ ಕೆಲಸ ಮುಗಿಯುವವರೆಗೆ ಅಪ್ಪ ಕೆಳಗೆ ಚಹಾದಂಗಡಿಯಲ್ಲಿ ಕೂತಿದ್ದ. ಇಬ್ಬರೂ ಒಂದೇ ಬಸ್ಸು ಹತ್ತಿ ಒಂದೇ ಸೀಟಿನಲ್ಲಿ ಕೂತೆವು. ಅವನು ನನ್ನ ಸುಳ್ಳಿನ ಬಗ್ಗೆ ಕೇಳಲಿಲ್ಲ, ಒಳಗೆ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಉದ್ಯಮಬಾಗದಲ್ಲಿ ಜನ ಹತ್ತಿ ಬಸ್ಸು ತುಂಬಿತು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಅಪ್ಪನ ಹಳೆಯ ಜೊತೆಗಾರ. ಇಷ್ಟು ದಿನ ಮುಖವೇ ತೋರಿಸದವರು ಇವತ್ತು ಬೆಳಗಾವಿಗೆ ಯಾಕೆ ಬಂದಿದ್ದಿರಿ ಎಂದು ವಿಚಾರಿಸಿದ. ಅಪ್ಪ ತಲೆಯೆತ್ತಿದ.

"ಮಗಳ ದವಾಖಾನಿಗೆ ಹೋಗಿದ್ನಿ. ಮನಸ್ಸಿನ ಡಾಕ್ಟರ್ ಕಡೆ ಕೆಲಸಾ ಮಾಡ್ತಾಳ ನಮ್ಮಾಕಿ. ನೋಡಿ ಬರೂಣು ಅಂತ."

ಅದೇ ಹಳೆಯ ಹಾರ್ನಿನ ದನಿ. ಮುಂದಿನ ಸೀಟಿನವರು ತಿರುಗಿ ನನ್ನನ್ನು ನೋಡಿದರು. ಒಂದು ಕ್ಷಣ ನನಗೆ ಹಿಗ್ಗು ತಡೆಯಲಾಗಲಿಲ್ಲ. ಮರುಕ್ಷಣ ಅವನು ಹೀಗೇಕೆ ಹೇಳಿದನೆಂದು ತಿಳಿಯಿತು. ಯಾವ ಕೆಲಸವನ್ನು ನಾನು ಅವನಿಂದ ಮುಚ್ಚಿಟ್ಟಿದ್ದೆನೋ ಅದರ ಮರೆಯಲ್ಲೇ ಈಗ ಅಪ್ಪ ನಿಂತಿದ್ದ. ಹಾಗೆ ಮರೆ ಹುಡುಕುವುದನ್ನು ಅವನು ಕಲಿತದ್ದು ನಮ್ಮ ಮನೆಯಲ್ಲೇ.

ಒಳ್ಳೆಯ ಕೆಲಸ ಎಂದು ಕಂಡಕ್ಟರ್ ಹೊಗಳಿದ. ಅಪ್ಪ ತೊಡೆಯ ಮೇಲಿನ ಕೈಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡಿದ್ದ.

"ಬರೂ ವಾರನೂ ಹೋಗಾಂವ ಅದೀನಿ," ಎಂದು ಕಂಡಕ್ಟರನಿಗೆ ಹೇಳಿ, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದ: "ಬರ್ಲೇನವಾ?"

"ಬಾರಪಾ," ಎಂದೆ. ಮುಖವೆತ್ತಿ ಹೇಳಲು ನನಗೆ ಆಗಲಿಲ್ಲ.