ಎಡ್ನಾಳ ಅಂಗಡಿಯೊಳಗೆ ಪಿಸ್ತೂಲು

ಹಿಲೋ ಎಂಬ ದ್ವೀಪದೂರಿನ ಬಂದರಿಗೆ ಹೋಗುವ ರಸ್ತೆಯಲ್ಲಿ ಎಡ್ನಾ ಶಿರೋಮಾಳ ತಿಂಡಿ ಅಂಗಡಿ. ಗಂಡ ಸೇಜಿ ತೀರಿಕೊಂಡ ಮೇಲೂ ಅವಳು ಅದನ್ನು ಮುಚ್ಚಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಅನ್ನಕ್ಕಿಡುವುದು, ಆ ಅನ್ನದಲ್ಲಿ ಮುಸುಬಿ ಉಂಡೆ ಕಟ್ಟುವುದು, ಮೀನು, ಗೆಣಸು ಕರಿದು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುವುದು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಗಿರಾಕಿಗಳು ತಿಂಡಿಗೆ ಬರುತ್ತಿದ್ದರೋ ಬೈಸಿಕೊಳ್ಳಲು ಬರುತ್ತಿದ್ದರೋ ಹೇಳುವುದು ಕಷ್ಟ.

ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುತ್ತಿದ್ದವನು ಕ್ಲಿಫರ್ಡ್ ಮೆಡೆಯ್ರೋಸ್. ಸೇಜಿಯ ಜೊತೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವನು. ಅವನು ಪೆಟ್ಟಿಗೆಗೆ ಕೈ ಹಾಕಿ ಮೀನು ಎತ್ತಿಕೊಂಡರೆ, "ಏಯ್, ಅದೇನು ನಿಮ್ಮಪ್ಪನ ಕೊಳಾನಾ?" ಎಂದು ಎಡ್ನಾ ಚಿಮಟದಲ್ಲೇ ಅವನ ಕೈಗೆ ಕುಟುಕುತ್ತಿದ್ದಳು.

ಆಮೇಲೆ ಅವನ ಮನೆಗೆ ಕಳ್ಳರು ನುಗ್ಗಿದರು. ಪಕ್ಕೆಲುಬು ಮುರಿಯುವಂತೆ ಹೊಡೆದು ಹೋದರು. ಆಸ್ಪತ್ರೆಯಿಂದ ಬಂದ ಕ್ಲಿಫರ್ಡ್ ಪರವಾನಗಿ ಮಾಡಿಸಿ ಪಿಸ್ತೂಲು ಕೊಂಡ. ಮೊದಲಾದರೆ ಈ ದ್ವೀಪಗಳಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವ ಪರವಾನಗಿ ಸಿಗುವ ಮಾತೇ ಇರಲಿಲ್ಲ; ಅದು ಜನರ ಹಕ್ಕೆಂದು ದೇಶದ ದೊಡ್ಡ ಕೋರ್ಟಿನ ತೀರ್ಪಾದ ಮೇಲೆ ಸಿಗತೊಡಗಿತ್ತು. ಒಂದು ಬೆಳಿಗ್ಗೆ ಹೂವಿನ ಅಂಗಿ ಎತ್ತಿ ಎಡ್ನಾಳಿಗೆ ಸೊಂಟ ತೋರಿಸಿದ. ಅವಳು "ಸರಿ" ಎಂದು ಅನ್ನ ಬಡಿಸಿದಳು.

ಅಷ್ಟರಲ್ಲಿ ರಾಜ್ಯದವರು ಹೊಸ ಕಾನೂನಿನ ಮಾತೆತ್ತಿದರು. ಕಡಲತೀರ, ಉದ್ಯಾನ, ಬಾರುಗಳಿಗೆ ಪಿಸ್ತೂಲು ಒಯ್ಯುವಂತಿಲ್ಲ. ಅಂಗಡಿಗಳಿಗಾದರೆ ಮಾಲೀಕರು ಒಪ್ಪಿದರೆ ಮಾತ್ರ. ಜನರ ಅಭಿಪ್ರಾಯ ಕೇಳಲು ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು.

"ಬಂದು ನನ್ನ ಪರವಾಗಿ ಒಂದು ಮಾತು ಹೇಳು. ನಿನ್ನ ಮಾತಂದ್ರೆ ಊರು ಕೇಳುತ್ತೆ" ಎಂದ ಕ್ಲಿಫರ್ಡ್. ಎಡ್ನಾ ಒಪ್ಪಿ ಅವನ ಗಾಡಿಯಲ್ಲೇ ಹೋದಳು.

"ಕ್ಲಿಫರ್ಡ್ ಒಳ್ಳೆಯವನು" ಎಂದಳು ಮೈಕಿನ ಮುಂದೆ. "ಇವನಿಗೆ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಹೆದರಿದ್ದಾನೆ. ಹೆದರೋದು ತಪ್ಪಲ್ಲ."

ವೇದಿಕೆಯ ಮೇಲಿದ್ದ ಶಾಸಕಿ ಕೇಳಿದಳು: "ಹಾಗಾದ್ರೆ ಆಂಟಿ, ಪಿಸ್ತೂಲು ತರಬಹುದು ಅಂತ ನಿಮ್ಮ ಅಂಗಡಿಗೆ ಬೋರ್ಡ್ ಹಾಕ್ತೀರಾ?"

ಎಡ್ನಾ ಅದನ್ನು ಯೋಚಿಸಿಯೇ ಇರಲಿಲ್ಲ.

"ಇಲ್ಲ, ಹಾಕಲ್ಲ" ಎಂದಳು ಕೊನೆಗೆ. "ಇವನು ಅದನ್ನ ಸಿಕ್ಕಿಸ್ಕೊಂಡು ಬರೋಕೆ ಶುರು ಮಾಡಿದಾಗಿಂದ ನಾನು ಇವನನ್ನ ಒಂದ್ಸಲಾನೂ ಬೈದಿಲ್ಲ. ಮೀನಿಗೆ ಕೈ ಹಾಕಿದ್ರೂ ಸುಮ್ಮನಿರ್ತೀನಿ. ನನಗೇನೂ ಮಾಡಲ್ಲ ಅಂತ ಗೊತ್ತು, ಆದ್ರೂ ಬಾಯೇ ಬರಲ್ಲ. ಇಷ್ಟು ವರ್ಷ ಆದ್ಮೇಲೆ ಇವನ ಹತ್ರ ಮರ್ಯಾದೆಯಿಂದ ಮಾತಾಡ್ತಿದೀನಿ!"

ಸಭೆ ಗೊಳ್ಳೆಂದು ನಕ್ಕಿತು. ಕ್ಲಿಫರ್ಡ್ ನಗಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಅವನು ಎಂದ: "ಮೊದಲೇ ನನಗೆ ಹೇಳಬಹುದಿತ್ತು."

"ಆಯಮ್ಮ ಕೇಳೋವರೆಗೂ ನನಗೇ ಗೊತ್ತಿರಲಿಲ್ಲ ಕಣೋ."

"ಅವತ್ತು ಒದೆ ತಿಂದೋನು ನಾನು, ನೀನಲ್ಲ."

ಎಡ್ನಾ ಅಂಗಡಿಯ ಮುಂದೆ ಇಳಿದುಕೊಂಡಳು.

ಕಾನೂನು ಬಂತು. ಅದರ ವಿರುದ್ಧ ಕೆಲವರು ಕೋರ್ಟಿಗೂ ಹೋದರು. ಕ್ಲಿಫರ್ಡ್ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅವನ ಸುದ್ದಿ ಬಂದರೆ ಎಡ್ನಾ ಮಾತು ಬದಲಿಸುತ್ತಿದ್ದಳು. ತಾನು ಆಡಿದ್ದು ಸುಳ್ಳಲ್ಲ, ಆದರೆ ಊರೆಲ್ಲ ನಗುವಂತೆ ಆಡಬಾರದಿತ್ತು ಎಂದು ಒಳಗೊಳಗೇ ಕೊರಗುತ್ತಿದ್ದಳು.

ಒಂದು ಮಳೆಯ ಬೆಳಿಗ್ಗೆ ಅವನ ಗಾಡಿ ಅಂಗಡಿಯ ಮುಂದೆ ನಿಂತಿತು. ಬಹಳ ಹೊತ್ತಾದರೂ ಯಾರೂ ಇಳಿಯಲಿಲ್ಲ. ಎಡ್ನಾ ಎರಡು ಪೊಟ್ಟಣ ಕಟ್ಟಿಕೊಂಡು ಕೊಡೆ ಹಿಡಿದು ಹೋಗಿ, ಕೇಳದೇ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು.

"ಅದನ್ನ ಮನೇಲೇ ತೆಗೆದಿಟ್ಟು ಬರೋಣ ಅಂತ ನೋಡ್ದೆ" ಎಂದ ಕ್ಲಿಫರ್ಡ್. "ಅದಿಲ್ದೆ ಬಾಗಿಲು ದಾಟೋಕೆ ಆಗ್ಲಿಲ್ಲ, ಎಡ್ನಾ."

"ಇಲ್ಲೇ ತಿನ್ನು. ಆರಿಹೋಗುತ್ತೆ."

ಇಬ್ಬರೂ ತಿಂದರು. ಸೇಜಿ ಕಾರ್ಖಾನೆಯಲ್ಲಿ ಊಟದ ಸೈರನ್ ಆಗುವ ಮೊದಲೇ ಊಟ ಮುಗಿಸುತ್ತಿದ್ದ ಕಥೆ ಬಂತು. ಕ್ಲಿಫರ್ಡ್ ಬೆರಳು ಒರೆಸಿಕೊಳ್ಳುತ್ತ ಕೇಳಿದ: "ಈಗಲೂ ಅದು ಸೊಂಟದಲ್ಲೇ ಇದೆ. ಇಲ್ಲಿ ನಿನಗೆ ಹೆದರಿಕೆ ಆಗಲ್ವಾ?"

"ಇದು ನಿನ್ನ ಗಾಡಿ. ಹೆದರಿಕೆಯಾದ್ರೆ ಇಳಿದು ಹೋಗ್ತೀನಿ" ಎಂದಳು ಎಡ್ನಾ. "ನನ್ನ ಅಂಗಡಿಯಿಂದ ನಾನು ಎಲ್ಲಿಗೆ ಹೋಗ್ಲಿ?"

ಅವಳು ಇಳಿಯಲು ಹೊರಟಾಗ ಮಳೆ ಜೋರಾಗಿತ್ತು. ಅವಳು ನೆನೆಯದಿರಲೆಂದು ಅವನು ಗಾಡಿಯನ್ನು ಅಂಗಡಿಯ ಮಾಡಿನ ಹತ್ತಿರಕ್ಕೆ ತಂದು ನಿಲ್ಲಿಸಿದ.