ವೈನಿ ಓದಿದ ಕೊನೆಯ ಸಾಲು

ಮೊನ್ನೆ ಹಿಂಗಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ವೈನಿ ಬಂದು ಎದುರು ನಿಂತ ಹಾಗಾಯಿತು. ಕುರ್ಲಾದ ಚಾಳಿನಲ್ಲಿ, ಆ ಸಾಲುಕೋಣೆಗಳ ವಠಾರದಲ್ಲಿ, ನಮ್ಮ ಪಕ್ಕದ ಕೋಣೆಯವರು, ಧಾರವಾಡದ ಕಡೆಯವರು. ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ಚಾಳಿಗೆಲ್ಲ ಅವರು ವೈನಿಯೇ. ಹತ್ತಿರದ ಕನ್ನಡ ವಾಚನಾಲಯದಿಂದ ತಂದ ಪುಸ್ತಕಗಳನ್ನು ಅಡುಗೆ ಡಬ್ಬಿಗಳನ್ನಿಡುವ ಗೋಡೆಯ ಫಳಿಯ ಮೇಲೆ, ಹಿಂಗಿನ ಪಕ್ಕದಲ್ಲೇ ಇಡುತ್ತಿದ್ದರು. ಅವರ ಕೈ ದಾಟಿ ಬಂದ ಪುಸ್ತಕ ಯಾವುದೆಂದು ಮೂಗೇ ಹೇಳುತ್ತಿತ್ತು...

ಐವತ್ತರ ದಶಕದ ಮಾತು. ನಾನು ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಮೇಲೆ ಚಾಳಿನ ಕನ್ನಡದ ಹೆಂಗಸರೆಲ್ಲ ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುವುದು, ವೈನಿ ಪತ್ತೇದಾರಿ ಕಾದಂಬರಿ ಗಟ್ಟಿಯಾಗಿ ಓದುವುದು. ಅಧ್ಯಾಯ ಮುಗಿದಾಗಲೆಲ್ಲ ಕೊಲೆಗಾರ ಯಾರೆಂದು ಎಲ್ಲರೂ ಹೇಳಲೇಬೇಕು. ವೈನಿಯ ಊಹೆ ತಪ್ಪಿದ್ದು ನನಗೆ ನೆನಪಿಲ್ಲ.

ವಾಚನಾಲಯದ ಪುಸ್ತಕಗಳಿಗೆಲ್ಲ ಒಂದೇ ಬಗೆಯ ಕಂದು ಕಾಗದದ ಹೊದಿಕೆ. ಹಾಗಾಗಿ ಒಮ್ಮೆ ಪತ್ತೇದಾರಿಯ ಬದಲು ತತ್ತ್ವದ ಕಾದಂಬರಿಯೊಂದು ಬಂದುಬಿಟ್ಟಿತು. ಅದರ ನಾಯಕ ಸ್ನಾನಕ್ಕೆ ನೀರು ಕಾಯಿಸೆಂದು ಹೆಂಡತಿಗೆ ಹೇಳಿ, ಸತ್ಯ ಹುಡುಕಿಕೊಂಡು ಮನೆ ಬಿಟ್ಟು ಹೊರಟೇಹೋಗುತ್ತಾನೆ. ಮುಂದೆ ಪುಟಗಟ್ಟಲೆ ನಾನು ಯಾರು, ಜಗತ್ತು ಏನು ಎಂಬ ಚರ್ಚೆ. ಹೆಂಗಸರು ಆಕಳಿಸಿದರು. ಕೊಲೆಯೇ ಇಲ್ಲದ ಪುಸ್ತಕ ಯಾರಿಗೆ ಬೇಕು, ವಾಪಸು ಕೊಡಿ ಎಂದರು.

"ಇದರಾಗೂ ಒಬ್ಬಾಕಿ ಕಳದ್ಹೋಗ್ಯಾಳ," ಎಂದರು ವೈನಿ. "ನೀರು ಕಾಸ್ಲಿಕ್ಕೆ ಇಟ್ಟಾಕಿ ಎಲ್ಲಿ ಹೋದ್ಲು? ಆಕಿ ಸಿಗೋತನಕ ನಾ ಬಿಡಂಗಿಲ್ಲ."

ಮೊದಲ ಭಾಗದಲ್ಲಿ ಸಿಗಲಿಲ್ಲ. ಎರಡನೇ ಭಾಗ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ವಾಚನಾಲಯ ನೋಡಿಕೊಳ್ಳುತ್ತಿದ್ದ ಹಿರಿಯರು ನಮ್ಮ ಊರ ಕಡೆಯವರೇ. "ಅದು ತಿಳಿದವರು ಓದುವಂಥದ್ದು ಮಾರಾಯ್ರೆ, ನಿಮಗೆ ಯಾಕೆ? ಹೊಸ ಪತ್ತೇದಾರಿ ಬಂದಿದೆ, ಕೊಂಡುಹೋಗಿ," ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ವೈನಿ ಮೊದಲ ಭಾಗವನ್ನು ಸೆರಗಿನಲ್ಲಿ ಸುತ್ತಿ ಅವುಚಿಕೊಂಡು, ಪೇಪರ್ ಓದುತ್ತಿದ್ದ ಗಂಡಸರ ನಡುವೆ ಬೆಂಚಿನ ಮೇಲೆ ಕೂತೇಬಿಟ್ಟರು.

"ಎರಡನೇದು ಕೈಗೆ ಬರೋತನಕ ಮೊದಲನೇದು ಕೊಡಂಗಿಲ್ಲರಿ."

ಮರುದಿನವೂ ಹೋಗಿ ಕೂತರು. ಕೊನೆಗೆ ಹಿರಿಯರೇ ಸೋತು ಪುಸ್ತಕ ತೆಗೆದುಕೊಟ್ಟರು.

ಎರಡನೇ ಭಾಗದಲ್ಲೂ ಆ ಹೆಂಡತಿ ಬರಲಿಲ್ಲ. ನಾಯಕನಿಗೆ ಸತ್ಯ ಸಿಕ್ಕಿತು, ಕಾದಂಬರಿ ಮುಗಿಯಿತು. ಗ್ಯಾಲರಿಯಲ್ಲಿ ಓದುತ್ತಿದ್ದ ವೈನಿ ಮಾತ್ರ ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ, ಪುಸ್ತಕದ್ದೇ ಭಾಷೆಯಲ್ಲಿ ಮುಂದುವರಿಸಿದರು: "ಇತ್ತ ನೀರು ಕಾದಿತ್ತು. ಅವಳು ಬಾಗಿಲಿಗೆ ಅಗಳಿ ಹಾಕಿ, ತಾನೇ ತಲೆಗೆ ಎರೆದುಕೊಂಡು, ಬಿಸಿ ಊಟ ಮಾಡಿ, ನೆಮ್ಮದಿಯಾಗಿ ಮಲಗಿದಳು."

ಹೆಂಗಸರು ಭಲೇ ಎಂದರು. ಪಕ್ಕದಲ್ಲಿ ಕೂತಿದ್ದ ನನಗೆ ಪುಟ ಕಾಣುತ್ತಿತ್ತು. ಅಲ್ಲಿ ಅಂಥದ್ದೇನೂ ಅಚ್ಚಾಗಿರಲಿಲ್ಲ. ವೈನಿ ನನ್ನತ್ತ ಕಣ್ಣು ಬಿಟ್ಟರು. ನಾನು ಮೊರಕ್ಕೆ ತಲೆ ಬಗ್ಗಿಸಿ ಅಕ್ಕಿ ಆರಿಸತೊಡಗಿದೆ.

ಆ ಚಾಳು ಈಗಿಲ್ಲ. ವೈನಿ ಹೋಗಿಯೂ ಬಹಳ ಕಾಲವಾಯಿತು... ಅವರಷ್ಟು ಹಟದಿಂದ ಓದುವವರನ್ನು ನಾನು ಮತ್ತೆ ಕಾಣಲಿಲ್ಲ, ಆ ಕೊರಗು ಹಾಗೇ ಉಳಿದಿದೆ. ಆ ಕಾದಂಬರಿ ಮತ್ತೆ ಅಚ್ಚಾಗಿದೆ, ತಂದುಕೊಡಲೇ ಎಂದು ಮಗಳು ಕೇಳಿದಳು. ಬೇಡ ಎಂದೆ. ಅದರಲ್ಲಿ ಕೊನೆಯ ಸಾಲು ಇರುವುದಿಲ್ಲ.